ಒಳಮಡಿಕೆ

ಹೆಣದ ಎಡಗೈಯನ್ನು ಅಂಗಿಯ ತೋಳಿಗೆ ತೂರಿಸುತ್ತಿದ್ದ ಚಿಕ್ಕಪ್ಪ ಅರ್ಧಕ್ಕೇ ನಿಲ್ಲಿಸಿ, ಹೊಟ್ಟೆಯ ಕಡೆಯ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನೆರೆದವರಿಗೆಲ್ಲ ಕಾಣುವಂತೆ ಎತ್ತಿದ.

“ಏನೋ ಇದು, ಅಂಗಿಯೋ ಡೇರೆಯೋ? ಒಳಗೆ ಇನ್ನೊಬ್ಬ ಆರಾಮಾಗಿ ಕೂರಬಹುದು. ಒಡಹುಟ್ಟಿದವನಿಗೆ ಅಳತೆಗೆ ಸರಿಯಾಗಿ ಒಂದು ಅಂಗಿ ಹೊಲಿಯಕ್ಕಾಗಲಿಲ್ಲ, ನೀನೂ ಒಬ್ಬ ಟೈಲರ್ರಾ? ಥೂ!”

ಬಾಗಿಲ ಬಳಿ ಯಾರೋ ನಗು ನುಂಗಿದರು. ಸತ್ತವನ ತಮ್ಮನ ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು, ತೆಗೆದಿಡುವುದನ್ನೇ ಮರೆತಿದ್ದ. ಚಿಕ್ಕಪ್ಪನ ಕೆನ್ನೆಗೆ ಬಾರಿಸಲು ಕೈ ತುರಿಸಿತು. ಆದರೆ ‘ಇನ್ನೊಬ್ಬ’ ಎಂಬ ಮಾತು ಕಿವಿಗೆ ಬಿದ್ದಿದ್ದೇ ಆ ಕೈಯನ್ನು ಅಂಗಿಯತ್ತ ಚಾಚಿದ.

“ಬಿಚ್ಚಿ ಕೊಡಿ. ಪಕ್ಕದ ಹೊಲಿಗೆ ಹಿಡಿದು ತರ್ತೀನಿ.”

“ಗಾಡಿ ಬಂದು ನಿಂತಿದೆ ಕಣೋ!”

“ನಿಂತಿರ್ಲಿ. ಅವನಿಗೇನು ಅವಸರ?”

*

ಅಣ್ಣನೊಳಗೆ ಒಬ್ಬನಿದ್ದ. ಹಾಗೆಂದು ಅಣ್ಣನೇ ಹೇಳುತ್ತಿದ್ದ. ಕತ್ತರಿಯ ಹತ್ತಿರ ಹೋದರೆ ಸಾಕು, ಆ ಒಳಗಿನವನು ಮಾತಿಗೆ ಶುರುವಿಡುತ್ತಿದ್ದ. ಅಣ್ಣ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ಡಾಕ್ಟರ ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ ಆ ಬಾಯಿ ಮುಚ್ಚಿತು. ಅಣ್ಣ ಮಂಚದ ಕೆಳಗಿಂದ ಎದ್ದು ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತ, ಗುಂಡಿ ಹಾಕುವ ಕೆಲಸ ಹಿಡಿದ. “ಗುಂಡಿ ಹಾಕ್ಸಿ ಹಾಕ್ಸಿ ನನ್ನನ್ನೇ ಗುಂಡಗೆ ಮಾಡಿಬಿಟ್ಟೆ ನೋಡು” ಎಂದು ನಗಿಸುವಷ್ಟು ಮನುಷ್ಯನಾದ.

ಜೊತೆಗೆ ಹಸಿವು ಬಂತು. ಉಂಡ ಕೈ ಆರುವುದರೊಳಗೆ ಮತ್ತೆ ತಟ್ಟೆಗೆ ಕೂರುತ್ತಿದ್ದ.

“ನನಗಲ್ಲ ಕಣೋ ಹಸಿವು,” ಎಂದ ಒಂದು ಸಂಜೆ, ಪಿಸುಮಾತಿನಲ್ಲಿ. “ಅವನು ಹೋಗಿಲ್ಲ. ಮಾತು ಬಿಟ್ಟಿದಾನೆ ಅಷ್ಟೇ. ಒಳಗೆ ಕೂತು ತಿಂತಿದಾನೆ.”

ಒಂದು ದಿನ ಅಂಗಿಯ ಗುಂಡಿ ಚಿಟ್ಟೆಂದು ಹಾರಿತು. ಬೀದಿಯವರು “ಡ್ರಮ್ಮು” ಎಂದರು. ಅಣ್ಣ ಮಾತ್ರೆಗಳನ್ನು ಚರಂಡಿಗೆಸೆದ. ವಾರ ತುಂಬುವುದರೊಳಗೆ ಮತ್ತೆ ಮಂಚದ ಕೆಳಗಿದ್ದ.

ಅವನನ್ನು ಹೊರಗೆಳೆದು ಮತ್ತೆ ಮಾತ್ರೆಗೆ ಹಚ್ಚಿದ ಮೇಲೆ, ತಮ್ಮ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಬಳಸಿದ. ಅಣ್ಣನ ಪ್ರತಿ ಅಂಗಿ, ಪ್ಯಾಂಟಿಗೂ ಒಳಮಡಿಕೆಯಲ್ಲಿ ಧಾರಾಳ ಬಟ್ಟೆ ಬಿಟ್ಟು ಹೊಲಿದ. ಅಣ್ಣ ಮಧ್ಯಾಹ್ನ ಮಲಗಿದಾಗ ಹೊಲಿಗೆ ಬಿಚ್ಚಿ ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಹೊಲಿದಿಡುವನು. ಅಣ್ಣನಿಗೆ ಬಟ್ಟೆ ಮತ್ತೆಂದೂ ಬಿಗಿಯಾಗಲಿಲ್ಲ. ಮಾತ್ರೆಯೂ ತಪ್ಪಲಿಲ್ಲ.

ಆಸ್ಪತ್ರೆಯ ತೂಕದ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಹೊಸ ಡಾಕ್ಟರಮ್ಮ ತಲೆಯೆತ್ತಿ ಕೇಳಿದಳು: “ಈ ಮಾತ್ರೆಗೆ ಕೆಲವರು ದಪ್ಪ ಆಗ್ತಾರೆ, ಸಕ್ಕರೆ ಕಾಯಿಲೇನೂ ಬರಬಹುದು. ಈಚೆಗೆ ಬಟ್ಟೆ ಏನಾದ್ರೂ ಬಿಗಿ ಆಗ್ತಿದೆಯಾ?”

“ಇಲ್ಲ ಮೇಡಮ್,” ಎಂದ ಅಣ್ಣ, ಸತ್ಯಸಂಧ. “ಎಲ್ಲಾ ಸಡಿಲವಾಗೇ ಇದೆ.”

“ಸರಿ, ರಕ್ತ ಪರೀಕ್ಷೆ ಮುಂದಿನ ಸಲ ಮಾಡ್ಸೋಣ.”

ಪಕ್ಕದಲ್ಲಿದ್ದ ತಮ್ಮ ನೆಲ ನೋಡಿದ.

*

ಮಿಷನ್ನಿನ ಮುಂದೆ ಕೂತು ತಮ್ಮ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿದ. ಒಳಗೆ ಹಳೆಯ ಸೂಜಿತೂತುಗಳು ಸಾಲುಸಾಲಾಗಿದ್ದವು. ಯಾರೋ ಒಳಗಿನಿಂದ ಒಂದೊಂದೇ ಹೆಜ್ಜೆ ಹೊರಗಿಡುತ್ತ ಬಂದ ಹಾಗೆ.

ಎದುರು ಮನೆಯ ಇಸ್ತ್ರಿಯವಳು ಅಮ್ಮನನ್ನು ಕೈಹಿಡಿದು ತಂದು ಅಲ್ಲೇ ಕೂರಿಸಿದಳು. “ಕಡೇ ದಿನಗಳಲ್ಲಿ ಎಷ್ಟು ಚೆನ್ನಾಗಿ ಮೈ ಇಳಿಸಿಕೊಂಡಿದ್ದ ಅಲ್ವೇನಕ್ಕ! ‘ಮದುಮಗನ ಹಾಗೆ ಆಗಿದೀಯಲ್ಲೋ’ ಅಂತ ನಾನೇ ಬಾಯ್ತುಂಬ ಹೇಳಿದ್ದೆ.”

“ನಾನೂ ಹಿಗ್ಗಿದೆ ಕಣೇ,” ಅಮ್ಮ ಅಂದಳು. “ಕೊಡಗಟ್ಟಲೆ ನೀರು ಕುಡೀತಿದ್ದ. ಕುಡೀಲಿ, ಒಳ್ಳೇದು ಅಂತ ನಾನೇ ತುಂಬಿಸಿಡ್ತಿದ್ದೆ. ದೊಡ್ಡಾಸ್ಪತ್ರೇಲಿ ನೋಡಿದ್ರೆ ರಕ್ತದ ಸಕ್ಕರೆ ಅಳೆಯೋ ಯಂತ್ರದ ಲೆಕ್ಕಕ್ಕೇ ಸಿಗಲಿಲ್ವಂತೆ.” ಮಗನ ಕಡೆ ತಿರುಗಿದಳು. “ಆ ಮಾತ್ರೇನೇ ತಿಂತೇನೋ ಅವನ್ನ?”

“ಮಾತ್ರೆ ಇಲ್ದಿದ್ರೆ ಅವನು ಎಂದೋ ಹೋಗ್ತಿದ್ದಮ್ಮ.” ದಾರ ಕಡಿಯಿತು, ತಮ್ಮ ಮತ್ತೆ ಪೋಣಿಸಿದ. “ನೋಡೋರು ನೋಡ್ಬೇಕಿತ್ತು. ನೋಡೋಕೆ ನಾನು ಬಿಡಲಿಲ್ಲ.”

ಅಮ್ಮನಿಗೆ ಅದು ಅರ್ಥವಾಗಲಿಲ್ಲ. ತಮ್ಮ ಕಾಲು ತೆಗೆದ ಮೇಲೂ ಪೆಡಲು ಒಂದೆರಡು ಸಲ ತಾನಾಗಿಯೇ ಆಡಿ, ನಿಂತಿತು.

ಈ ಸಲ ಅಂಗಿ ಮೈಗೆ ಅಂಟಿದಂತೆ ಕೂತಿತು. ಗಾಡಿ ಹೊರಟಿತು.

*

ಎಲ್ಲ ಮುಗಿಸಿ ಬಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಚಿಕ್ಕಪ್ಪ ಜಗಲಿಯ ಮೇಲೆ ಬೆಲ್ಟು ಸಡಿಲಿಸಿಕೊಂಡು ಕೂತು ಒಂದೇ ಉಸಿರಿಗೆ ಚೊಂಬು ಬರಿದು ಮಾಡಿದ.

“ಬೆಳಗ್ಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ಮನಸ್ಸಿಗೆ ಹಾಕ್ಕೋಬೇಡ್ವೋ,” ಎಂದ. “ಕೇಳಿಲ್ಲಿ. ನೀನು ಹೊಲಿದ ಈ ಪ್ಯಾಂಟು ಯಾಕೋ ಹಿಡೀತಿದೆ. ಒಳಗೆ ಬಟ್ಟೆ ಬಿಟ್ಟಿರ್ತೀಯಲ್ಲ, ಒಂಚೂರು ಸಡಿಲ ಮಾಡಿಕೊಡು. ಹಾಗೇ ಇನ್ನೊಂದು ಚೊಂಬು ನೀರು ತಾ, ಯಾಕೋ ಬಾಯಾರಿಕೆ ಹೋಗ್ತಾನೇ ಇಲ್ಲ.”

ಅವನ ತಲೆಯ ಹಿಂದೆ ತಂತಿಯ ಮೇಲೆ ಅಣ್ಣನ ಹಳೆಯ ಅಂಗಿ ಒಣಗುತ್ತಿತ್ತು. ಗಾಳಿ ಇರಲಿಲ್ಲ, ಬೇಲಿಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಅಂಗಿಯ ಹೊಟ್ಟೆ ಮಾತ್ರ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು.

“ಏನೋ, ಕೇಳಿಸ್ತಾ? ಮಾಡಿಕೊಡ್ತೀಯೋ ಇಲ್ವೋ?”

ತಮ್ಮ ಬೆಳಗಿನಿಂದ ಕತ್ತಿನಲ್ಲೇ ಉಳಿದಿದ್ದ ಟೇಪು ತೆಗೆದು ಚಿಕ್ಕಪ್ಪನ ಅಂಗೈಯಲ್ಲಿಟ್ಟ. “ನೀವೇ ಅಳೆದು ನೋಡ್ಕೊಳ್ಳಿ,” ಎಂದು ಗೇಟಿನತ್ತ ನಡೆದ. ಬೆನ್ನ ಹಿಂದೆ ತಂತಿ, ಭಾರ ಹೊತ್ತಂತೆ, ಕಿರ್ರೆಂದಿತು.