ಎಡಕ್ಕೆ ವಾಲಿದ ಕತ್ತು

ಒದ್ದೆ ಸೀರೆಯನ್ನು ತಂತಿಯ ಮೇಲೆ ಎಸೆಯಲು ಗಂಗಲಕ್ಷ್ಮಮ್ಮ ಕತ್ತೆತ್ತಿದಳು, ಅಷ್ಟೇ, ಮೂಡಲಪಾಳ್ಯದ ಆಕಾಶವೆಲ್ಲ ಒಂದು ಸುತ್ತು ಹಾಕಿತು, ಹುಣಸೆಮರ ಪಕ್ಕಕ್ಕೆ ಮಲಗಿತು, ಕಿವಿಯಲ್ಲಿ ಜೀರುಂಡೆ, ಬೆರಳ ತುದಿಗಳಲ್ಲಿ ಜೋಮು — ಕಂಬ, ಕಂಬ ಎಲ್ಲಿ, ಸಿಕ್ಕಿತು, ಕಣ್ಣು ಮುಚ್ಚಿ ನಿಲ್ಲು, ಹೋಗುತ್ತದೆ, ಹೋಗದಿದ್ದರೆ? ಯಾರಾದರೂ ಕಂಡರೆ ಮತ್ತೆ ಅರಿಸಿನ ಕುಂಕುಮ ತಂದು ಕಾಲಿಗೆ ಬೀಳುತ್ತಾರೆ, ಆವತ್ತಿನಿಂದ ಹೀಗೇ — ಆವತ್ತು ತಮ್ಮ ಚಿಕ್ಕಮುನಿಯಪ್ಪ ಮಗಳು ನರಸಮ್ಮನ ಮದುವೆಗೆ ಹೂ ಕೇಳಲು ಕೆಂಗೇರಿಯಿಂದ ಇಲ್ಲಿಯ ಮಾರಮ್ಮನ ಗುಡಿಗೆ ಬಂದಿದ್ದ, ಬಲಕ್ಕೆ ಬಿದ್ದರೆ ಉಲ್ಲಾಳದ ಕೆಂಪಯ್ಯನಿಗೆ ಹುಡುಗಿ, ಎಡಕ್ಕೆ ಬಿದ್ದರೆ ಬೇಡ, ಎಲ್ಲರೂ ದೇವಿಯ ನೆತ್ತಿಯ ಹೂವನ್ನೇ ನೋಡುತ್ತಿದ್ದಾರೆ, ಇವಳೂ ಕತ್ತೆತ್ತಿ ನೋಡಿದಳು, ಹೂ ಅಲ್ಲಾಡಲಿಲ್ಲ, ಇವಳು ಎಡಕ್ಕೆ ಉರುಳಿದಳು. ಇನ್ನು ಹೂ ಯಾಕೆ ಎಂದ ಪೂಜಾರಿ, ಅಮ್ಮ ಗಂಗಕ್ಕನ ಮೈಮೇಲೆ ಬಂದು ಹೇಳಿಬಿಟ್ಟಳಲ್ಲ. ನರಸಮ್ಮ ಅಳಲಿಲ್ಲ, ಸೆರಗಿನ ತುದಿಯನ್ನು ಮಡಿಸುತ್ತಲೇ ಕೂತಿದ್ದಳು.

ಆಮೇಲೆ ಆಸ್ಪತ್ರೆ, ಡಾಕ್ಟರು ಬೆಳಕಿಗೆ ಹಿಡಿದ ಕಪ್ಪು ಫಿಲ್ಮಿನಲ್ಲಿ ಇವಳದೇ ಕತ್ತು, ಎಷ್ಟು ವರ್ಷ ತಲೆ ಮೇಲೆ ಹೊರೆ ಹೊತ್ರಿ ಅಮ್ಮ — ಸೊಪ್ಪಿನ ಕುಕ್ಕೆ ಸ್ವಾಮಿ, ಪೇಟೆತನಕ, ಮೂವತ್ತು ವರ್ಷ — ಮೂಳೆ ಸವೆದಿದೆ, ಅದಕ್ಕೇ ತಲೆ ತಿರುಗೋದು, ಜೋಮು ಹಿಡಿಯೋದು, ಕತ್ತು ಮೇಲಕ್ಕೆತ್ತಬೇಡಿ. ಅಂದರೆ ಮಾರಮ್ಮ ಅಲ್ಲ. ಮೂಳೆ. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಅಂದೇ ತಮ್ಮನಿಗೆ ಕಾರ್ಡು ಬರೆದಳು, ಮೂರು ತಿಂಗಳಾಯಿತು, ಕಾರ್ಡು ಟ್ರಂಕಿನಲ್ಲೇ ಇದೆ — ಮುಚ್ಚಿದ ಲಕೋಟೆಯಲ್ಲವಲ್ಲ ಅದು, ಟಪಾಲಿನ ರಾಮಯ್ಯ ಓದುತ್ತಾನೆ, ಕೆಂಗೇರಿಯಲ್ಲಿ ಓದು ಬಾರದ ತಮ್ಮನಿಗೆ ಯಾರೋ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಾರೆ, ಊರು ನಗುತ್ತದೆ, ಮಾರಮ್ಮ ಮುನಿದರೆ? ಅದೂ ಅಲ್ಲ, ನಿಜ ಹೇಳು ಗಂಗಿ, ಜನ ಕಾಲಿಗೆ ಬಿದ್ದದ್ದು ಹಿತವಾಗಿತ್ತು. ಇವತ್ತು ಬೆಳಿಗ್ಗೆ ಬಾವಿಯ ಹತ್ತಿರ ಪಕ್ಕದ ಮನೆ ರಾಮಕ್ಕ ಅಂದಳು, ಉಲ್ಲಾಳದವರು ಶುಕ್ರವಾರ ಬೇರೆ ಹೆಣ್ಣು ನೋಡೋಕೆ ಹೋಗ್ತಾರಂತೆ ಕಣಕ್ಕ, ನಿಮ್ಮ ಮೈಮೇಲೆ ಬಂದು ಮಾರಮ್ಮ ಒಳ್ಳೇ ಕೆಲಸ ಮಾಡಿದ್ಲು ಬಿಡಿ. ಶುಕ್ರವಾರ, ಇವತ್ತು ಮಂಗಳವಾರ, ಇವತ್ತು ಹೋದರೆ ನಾಳೆ ಮುಟ್ಟುತ್ತದೆ, ಸೈಕಲ್ಲಿನ ಗಂಟೆ, ರಾಮಯ್ಯನೇ, ಟ್ರಂಕು, ಬಗ್ಗಿದರೆ ಮತ್ತೆ ತಿರುಗುತ್ತದೆ, ತಿರುಗಲಿ — ಗೋಡೆ ಹಿಡಿದು ಬಾಗಿಲಿಗೆ ಬಂದಳು. ಅವನು ಕಾರ್ಡು ತಿರುವಿ ಓದಿದ, ಓದಿಯೇ ಓದಿದ, ಆವತ್ತು ಬಿದ್ದಿದ್ದು ದೇವಿಯಲ್ಲ, ನಾನು, ಕತ್ತಿನ ಮೂಳೆ ಸವೆದಿದೆ, ಮದುವೆ ಮಾಡು. ನಗುತ್ತಾನೆ, ಈಗ ನಗುತ್ತಾನೆ. ತುಂಬಾ ನೋವಾ ಅಕ್ಕ ಎಂದ. ಯಾರೂ ಕೇಳಿರಲಿಲ್ಲ. ಹೂಂ ಕಣಪ್ಪ, ತುಂಬಾ. ಸೈಕಲ್ಲು ಹೊರಟಿತು, ತುಂಬಿದ ಖಾಕಿ ಚೀಲ, ಅದರ ಬಾಯಲ್ಲಿ ಕಾರ್ಡಿನ ಅಂಚು, ದಾರಿ ತಿರುಗುವಲ್ಲಿ ಇನ್ನೂ ಕಾಣುತ್ತಿತ್ತು, ಅಂಚು, ಆ ಅಂಚು.