ಗುರುಲಿಂಗಮ್ಮನ ಪುಸ್ತಕಕ್ಕೆ ಸಿಕ್ಕ ದಲಾಲಿ

ಪುಸ್ತಕ ಬರೆದು ಮುಗಿಸುವುದೇ ದೊಡ್ಡ ಕೆಲಸ ಎಂದು ಸೇಡಂನ ಗುರುಲಿಂಗಮ್ಮ ತಿಳಿದಿದ್ದಳು. ಪಾಪ, ಅದನ್ನು ಅಚ್ಚಿನ ಮನೆಯವರೆಗೆ ಒಯ್ಯುವ ಮನುಷ್ಯನನ್ನು ಹುಡುಕುವುದು ಅದಕ್ಕಿಂತ ದೊಡ್ಡ ಕೆಲಸ ಎಂದು ಆಕೆಗೆ ಯಾರು ಹೇಳಬೇಕು? ನಿಜಾಮ ಸರಕಾರದ ಕಾಲ. ಕೋರ್ಟು ಕಚೇರಿಯೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. ಕನ್ನಡ ಮಠದಲ್ಲಿ, ಮನೆಯ ಮೂಲೆಯಲ್ಲಿ ಹೇಗೋ ಜೀವ ಹಿಡಿದುಕೊಂಡಿತ್ತು. ಆಕೆಗೆ ಗೊತ್ತಿದ್ದ ಕನ್ನಡದ ಅಚ್ಚಿನ ಮನೆ ಇದ್ದದ್ದು ಸೊಲ್ಲಾಪುರದಲ್ಲಿ. ವಾಡಿಯಲ್ಲಿ ರೈಲುಗಾಡಿ ಬದಲಿಸಿ, ಸರಹದ್ದು ದಾಟಿ ಹೋಗಬೇಕು. ಜಂಗಮರ ಮನೆಯ ವಿಧವೆ ಕಾಗದದ ಗಂಟು ಹೊತ್ತು ಅಷ್ಟು ದೂರ ಒಬ್ಬಳೇ ಹೋದರೆ ಊರು ಸುಮ್ಮನಿರುತ್ತದೆಯೇ?

ಪುಸ್ತಕ ಬಾಣಂತನದ ಬಗ್ಗೆ. ಕಥೆಯಲ್ಲ, ಹಾಡಲ್ಲ, ಹೆರಿಗೆ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎನ್ನುವ ನೇರ ಮಾತು. ಮಗಳು ಶಿವಕಾಂತಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟಿದ ಗಂಡುಕೂಸು ದುಂಡಗೆ, ಕೆಂಪಗೆ ಚೆನ್ನಾಗಿತ್ತು. ಆ ಕಡೆಯ ಪದ್ಧತಿಯಂತೆ ಹೊಕ್ಕಳಿಗೆ ಸಗಣಿಯಲ್ಲಿ ಕಲಸಿದ ಒಲೆಯ ಬೂದಿ ಮೆತ್ತಿದ್ದರು. ವಾರ ತುಂಬುವುದರೊಳಗೆ ಕೂಸಿನ ದವಡೆ ಬಿಗಿಯಿತು, ಮೈ ಬಿಲ್ಲಿನಂತೆ ಸೆಟೆಯಿತು, ಮೊಲೆ ಹಿಡಿಯಲಾರದೆ ಸತ್ತುಹೋಯಿತು. ಗಾಳಿ ಸೋಂಕು ಅಂದರು ಜನ. ಚಿತ್ತಾಪುರದ ದವಾಖಾನೆಯ ನರ್ಸ್ ತಾಜುನ್ನಿಸಾ ಮಾತ್ರ ಕೆಂಡವಾದಳು. "ಗಾಳಿ ಅಲ್ಲ ಅಮ್ಮಾ, ಆ ಸಗಣಿ. ಕುದಿಸಿದ ಬ್ಲೇಡು, ಕುದಿಸಿದ ದಾರ, ಅಷ್ಟೇ ಸಾಕು. ಹೊಕ್ಕಳಿಗೆ ಏನೂ ಹಚ್ಚಬ್ಯಾಡ್ರಿ" ಅಂದಳು. ಇಷ್ಟು ಚಿಕ್ಕ ಮಾತು ತಮಗೆ ಯಾರೂ ಮೊದಲೇ ಹೇಳಲಿಲ್ಲವಲ್ಲ ಎಂದು ಗುರುಲಿಂಗಮ್ಮ ತಲೆ ಚಚ್ಚಿಕೊಂಡಳು. ಇನ್ನೊಂದು ಮನೆಯ ಕೂಸು ಹೀಗೆ ಹೋಗಬಾರದು, ಅಕ್ಷರ ಬಲ್ಲ ಒಬ್ಬ ಹೆಣ್ಣುಮಗಳು ಓದಿ ಉಳಿದವರಿಗೆ ಹೇಳಿದರೂ ಸಾಕು ಎಂದು ಬರೆಯಲು ಕುಳಿತಳು.

ಬರೆದದ್ದು ತಂದೆಯ ಧಾಟಿಯಲ್ಲಿ. ಆಕೆಯ ತಂದೆ ಮಡಿವಾಳಯ್ಯ ಮಠದಲ್ಲಿ ಪ್ರವಚನ ಹೇಳುತ್ತಿದ್ದವರು. ಅವರದೊಂದು ಪದ್ಧತಿ ಇತ್ತು: ಮೊದಲು ಎದುರುಪಕ್ಷದ ಮಾತನ್ನು ತಾವೇ ನಂಬಿದವರಂತೆ ಗಟ್ಟಿಯಾಗಿ ಹೇಳುವುದು, ಕೇಳುವವರು ಹೌದು ಹೌದು ಎಂದು ತಲೆದೂಗಿದ ಮೇಲೆ "ಇಷ್ಟೊತ್ತು ಹೇಳಿದ್ದೆಲ್ಲ ಸುಳ್ಳು" ಎಂದು ಅದನ್ನು ಬುಡಸಮೇತ ಕೀಳುವುದು. ಆ ಕಡೆಯ ಜನಕ್ಕೆ ಇದು ಗೊತ್ತು, ಕೊನೆಯವರೆಗೂ ಕುಳಿತಿರುತ್ತಿದ್ದರು. ಗುರುಲಿಂಗಮ್ಮನೂ ಹಾಗೇ ಮಾಡಿದಳು. ಪುಸ್ತಕದ ಮೊದಲ ಭಾಗದಲ್ಲಿ ಅಜ್ಜಿಯರು ಹೇಳುವುದನ್ನೆಲ್ಲ ಅಜ್ಜಿಯರ ಗತ್ತಿನಲ್ಲೇ ಬರೆದಳು, ಎರಡನೆಯ ಭಾಗದಲ್ಲಿ ಒಂದೊಂದನ್ನೇ ಹಿಡಿದು ಜಾಡಿಸಿದಳು.

ಇನ್ನು ಒಯ್ಯುವವರು. ಅಚ್ಚಿನ ಮನೆಗೆ ಕಾಗದ ಬರೆದರೆ "ಪರಿಚಯದ ಗೃಹಸ್ಥರ ಮೂಲಕ ಬರಬೇಕು" ಎಂದು ಉತ್ತರ ಬಂತು. ಚಿತ್ತಾಪುರದ ಒಬ್ಬ ಶಾಲೆ ಮಾಸ್ತರನನ್ನು ಕೇಳಿದಳು. ಆತ ಎರಡು ಹಾಳೆ ಓದಿ ಕಿವಿ ಕೆಂಪಗೆ ಮಾಡಿಕೊಂಡು, ಹೆರಿಗೆಯ ಮಾತು ಹಿಡಿದುಕೊಂಡು ಗಂಡಸರ ಮುಂದೆ ಹೇಗೆ ನಿಲ್ಲಲಿ ಎಂದು ಗಂಟು ವಾಪಸ್ಸು ಕೊಟ್ಟ. ಎಂಟು ಮಕ್ಕಳ ತಂದೆ ಅವನು! ಶಹಾಬಾದಿನಲ್ಲಿದ್ದ ವಕೀಲ ಸಂಬಂಧಿ ಸಂತೋಷದಿಂದ ಒಪ್ಪಿದ, ಆದರೆ ಪುಸ್ತಕದ ಮೇಲೆ ತನ್ನ ಹೆಸರಿರಲಿ ಅಂದ. ಹೆಣ್ಣಿನ ಹೆಸರು ಕಂಡರೆ ಜನ ಮುಟ್ಟುವುದಿಲ್ಲವಂತೆ. ಗುರುಲಿಂಗಮ್ಮ ದಂಗಾಗಿ, ಕೊಟ್ಟ ಚಹಾ ಕುಡಿಯದೆ ಎದ್ದು ಬಂದಳು.

ಕೊನೆಗೆ ಸಿಕ್ಕವನು ಅಂಬರಾಯ. ಸೇಡಂನಲ್ಲಿ ಅವನದು ಅಡತಿ ಅಂಗಡಿ. ರೈತರ ತೊಗರಿ, ಜೋಳ ಇಳಿಸಿಕೊಂಡು ದೂರದ ವ್ಯಾಪಾರಿಗಳಿಗೆ ಮಾರಿಕೊಡುವ ದಲಾಲಿ. ತಿಂಗಳಿಗೊಮ್ಮೆ ಸೊಲ್ಲಾಪುರಕ್ಕೆ ಹೋಗುವವನು, ನಾಲಿಗೆ ಒಳ್ಳೆಯದು, ಕೈಯೂ ಶುದ್ಧ.

"ನನಗ ಪುಸ್ತಕ ಗೊತ್ತಿಲ್ರಿ ಅಮ್ಮಾರ, ಮಾಲು ಗೊತ್ತದ" ಅಂದ. "ಮಾಲು ಯಾವುದಿದ್ದರೇನು, ಗಿರಾಕಿ ಹುಡುಕೋದು ಒಂದೇ ನಮೂನಿ. ನೀವು ನಿಶ್ಚಿಂತಿ ಇರ್ರಿ."

ಅವನ ಕಸುಬಿನ ರೀತಿ ಊರಿಗೆಲ್ಲ ಗೊತ್ತಿತ್ತು. ಚೀಲದ ಬಾಯಿ ಬಿಚ್ಚಿ ಮೇಲಿನ ಒಂದು ಹಿಡಿ ಕಾಳು ತೆಗೆದು ವಾನಗಿ, ಅಂದರೆ ಮಾದರಿ, ತೋರಿಸುತ್ತಾನೆ. ಕೊಳ್ಳುವವನ ಕೈಯನ್ನು ಶಲ್ಯದ ಕೆಳಗೆ ಹಿಡಿದು ಬೆರಳಿನಲ್ಲೇ ದರದ ಮಾತು ಮುಗಿಸುತ್ತಾನೆ. ಮಾಲಿನ ಒಡೆಯ ಪಕ್ಕದಲ್ಲಿ ಕುಳಿತಿದ್ದರೂ ಶಲ್ಯದ ಕೆಳಗೆ ಏನಾಯಿತೆಂದು ಕೇಳುವಂತಿಲ್ಲ. ಕೇಳಿದರೆ ದಲಾಲಿಯ ನಿಯತ್ತಿನ ಮೇಲೆ ಮಣ್ಣು ಎರಚಿದಂತೆ. ಗುರುಲಿಂಗಮ್ಮ ಆ ಊರಿನಲ್ಲೇ ಹುಟ್ಟಿ ಬೆಳೆದವಳು. ಎರಡು ಭಾಗದ ಎರಡು ಕಟ್ಟು ಒಂದರ ಮೇಲೊಂದಿಟ್ಟು ಕೆಂಪು ಅರಿವೆಯಲ್ಲಿ ಕಟ್ಟಿದ ಗಂಟನ್ನು ಅವನ ಕೈಗಿಟ್ಟಳು, ಮರ್ಯಾದೆಗೆ ತಕ್ಕಂತೆ ಏನೂ ಕೇಳಲಿಲ್ಲ. ದೀಪಾವಳಿಗೆ ಕೊಟ್ಟದ್ದು ಸಂಕ್ರಾಂತಿಯಾದರೂ ಸುದ್ದಿಯಿಲ್ಲ. ಆಗಲೂ ಕೇಳಲಿಲ್ಲ.

ಒಂದು ಮುಂಜಾನೆ ಅಂಬರಾಯ ತಾನೇ ಬಂದ. ಮುಖ ಹಬ್ಬವಾಗಿತ್ತು.

"ಬಾಯಿ ಸಿಹಿ ಮಾಡ್ರಿ ಅಮ್ಮಾರ! ನಿಮ್ಮ ಪುಸ್ತಕ ಛಾಪಾ ಆಗ್ಯದ!"

ತೆಳ್ಳನೆಯ, ಹಳದಿ ರಟ್ಟಿನ ಪುಸ್ತಕ. ಮೇಲೆ ದಪ್ಪಕ್ಷರದಲ್ಲಿ ಗುರುಲಿಂಗಮ್ಮ, ಸೇಡಂ ಎಂದಿತ್ತು. ತನ್ನ ಹೆಸರನ್ನು ಆಕೆ ಬೆರಳಿನಿಂದ ಮುಟ್ಟಿ ನೋಡಿದಳು. ಕಣ್ಣು ತುಂಬಿ ಬಂದು, ನಗುವೂ ಬಂದು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂಥ ಸುಖ ಆಕೆಗೆ ಬಹಳ ವರ್ಷಗಳಿಂದ ಆಗಿರಲಿಲ್ಲ. ಆಮೇಲೆ ಹಾಳೆ ತಿರುವಿದಳು. ಅಜ್ಜಿಯರ ಮಾತು, ಅಜ್ಜಿಯರ ಗತ್ತು, ಒಂದಕ್ಷರ ತಪ್ಪಿಲ್ಲದೆ ಎಲ್ಲ ಇತ್ತು. ಕೊನೆಯ ಹಾಳೆಯಲ್ಲಿ "ಆಕಳ ಸಗಣಿಯಲ್ಲಿ ಒಲೆಯ ಬೂದಿ ಕಲಸಿ ಹೊಕ್ಕಳಿಗೆ ಮೆತ್ತಬೇಕು, ಇದರಿಂದ ಕೂಸು ಗಟ್ಟಿಯಾಗುವುದು" ಎಂದಿತ್ತು. ಅದರ ಕೆಳಗೆ ಸೊಲ್ಲಾಪುರದ ಯಾವುದೋ ಬಾಣಂತಿ ಪುಡಿಯ ಜಾಹೀರಾತು. ಅದರ ಮುಂದೆ ಬರೀ ರಟ್ಟು.

"ಉಳಿದದ್ದೆಲ್ಲಿ ಅಂಬರಾಯ?"

"ಇಲ್ಲೇ ಅದರಿ, ಒಂದು ಹಾಳಿನೂ ಹಾಳಾಗಿಲ್ಲ." ಬಗಲಿನ ಕೆಂಪು ಅರಿವೆಯ ಗಂಟು ತೆಗೆದು ಆಕೆಯ ಮುಂದಿಟ್ಟ. "ಮೇಲಿನ ಕಟ್ಟು ವಾನಗಿ ಅಂತ ತೋರಿಸ್ದೆ. ಪುಡಿ ವ್ಯಾಪಾರಿ ಅದನ್ನೇ ಭಾಳ ಮೆಚ್ಚಿದ. ಪುಡಿ ಜೋಡಿ ಪುಕ್ಕಟೆ ಹಂಚಲಿಕ್ಕೆ ಛಾಪಾ ಮಾಡಿಸ್ತೀನಿ, ಈ ಕಡಿ ಹಳ್ಳಿಗೆಲ್ಲ ನೀನೇ ಮುಟ್ಟಿಸು ಅಂದ. ತಳದ ಕಟ್ಟು ಯಾರೂ ತಗೊಳ್ಳಲಿಲ್ಲರಿ. ಅದರಾಗ ಬರೀ ಬೈಗಳ ಅವ. ಅದು ಸುಳ್ಳು, ಇದು ಸುಳ್ಳು ಅಂತ. ಬೈಸಿಕೊಳ್ಳಲಿಕ್ಕೆ ಯಾರು ಕೊಳ್ತಾರ? ಒಳ್ಳೆ ಕಾಳಿನ ಜೋಡಿ ಜೊಳ್ಳು ಸೇರಿಸಿದ್ರ ಒಳ್ಳೇದರ ಕಿಮ್ಮತ್ತೂ ಹೋಗ್ತದ. ಅದಕ್ಕ ನಾನೇ ತೂರಿ ಬ್ಯಾರೆ ಮಾಡ್ದೆ."

ಗುರುಲಿಂಗಮ್ಮ ಗಂಟನ್ನು ತನ್ನ ಕಡೆಗೆ ಎಳೆದುಕೊಂಡಳು. ಈ ಮನುಷ್ಯ ಮೋಸ ಮಾಡಿದ್ದರೆ ಬೈಯಬಹುದಿತ್ತು. ತನ್ನ ಕಸುಬನ್ನು ನಿಯತ್ತಿನಿಂದ ಮಾಡಿ, ಹೊಗಳಿಕೆಗೆ ಕಾಯುತ್ತ ಎದುರಿಗೆ ಕುಳಿತಿದ್ದಾನೆ! ತಂದೆಯ ಪ್ರವಚನಕ್ಕೆ ಬಂದವನೊಬ್ಬ ಅರ್ಧಕ್ಕೇ ಎದ್ದುಹೋಗಿ, ಕೇಳಿದಷ್ಟನ್ನು ಊರೂರಿಗೆ ಡಂಗುರ ಸಾರಿದಂತಾಗಿತ್ತು.

"ಎಷ್ಟು ಮಂದಿಗೆ ಕೊಟ್ಟೀರಿ?" ಎಂದಳು.

"ಅಯ್ಯ, ನಿನ್ನೇನೇ ಶುರು ಮಾಡೀನ್ರಿ. ನಮ್ಮ ಗಾಡಿ ಹೊಡೆಯೋ ಖಂಡಪ್ಪನ ಮನ್ಯಾಗ ಕೂಸು ಹುಟ್ಟ್ಯದಲ್ಲ, ಮೊದಲನೇದು ಅವನ ಕೈಗೇ ಕೊಟ್ಟೆ. ಅವನ ಹೆಂಡತಿಗೆ ನೀವೇ ಓದು ಕಲಿಸೀರಂತಲ್ಲ, ಹಿಗ್ತಾಳ ಅಂತ."

ಗುರುಲಿಂಗಮ್ಮ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು, ತಳದ ಕಟ್ಟನ್ನು ಕಂಕುಳಲ್ಲಿ ಅವಚಿಕೊಂಡು ಓಡಿದಳು. ಅಮ್ಮಾರು ಬೀದಿಯಲ್ಲಿ ಓಡುವುದನ್ನು ಸೇಡಂ ಅದೇ ಮೊದಲ ಸಲ ನೋಡಿದ್ದು. ಮೂರನೆಯ ಓಣಿಯಲ್ಲಿ ಖಂಡಪ್ಪನ ಮನೆ. ಅವನ ಹೆಂಡತಿ ಚಂದಮ್ಮ ಹಡೆದದ್ದು ಮೊನ್ನೆ. ಗುರುಲಿಂಗಮ್ಮನೇ ಹೋಗಿ ಕುದಿಸಿದ ಬ್ಲೇಡಿನಿಂದ ಹೊಕ್ಕಳ ಬಳ್ಳಿ ಕೊಯ್ದು, ಕುದಿಸಿದ ದಾರ ಕಟ್ಟಿ, ಏನೂ ಹಚ್ಚಬೇಡ ಎಂದು ಆಣೆ ಹಾಕಿಸಿಕೊಂಡು ಬಂದಿದ್ದಳು. ಅತ್ತೆ ಮಾಣಿಕಮ್ಮ ಆಗ ಮೂಗು ಮುರಿದಿದ್ದಳು. ಸೊಸೆ ಮಾತ್ರ ಅಮ್ಮಾರು ಹೇಳಿದ್ದೇ ಸರಿ ಎಂದು ಹಟ ಹಿಡಿದಿದ್ದಳು.

"ಬರ್ರಿ ಅಕ್ಕಾರ, ಬರ್ರಿ, ಕುಂದ್ರಿ" ಎಂದು ಮಾಣಿಕಮ್ಮ ಎಂದೂ ಇಲ್ಲದ ಅಕ್ಕರೆ ತೋರಿದಳು. "ನಿಮ್ಮ ಪುಸ್ತಕ ಬಂತು ನೋಡ್ರಿ, ನಮ್ಮ ಮನ್ಯಾಗ ಜಗಳ ಮುಗೀತು. ನಾ ಹೇಳಿದ್ದೇ ನೀವೂ ಬರದೀರಿ."

ಚಂದಮ್ಮ ಹೊರಸಿನ ಮೇಲೆ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಳು. ಗುರುಲಿಂಗಮ್ಮ ಕೂಸಿನ ಅರಿವೆ ಸರಿಸಿದಳು. ಪುಟ್ಟ ಹೊಟ್ಟೆಯ ನಡುವೆ ಕಪ್ಪಗೆ, ಹಸಿಯಾಗಿ, ಒಂದು ಮುಷ್ಟಿ ಸಗಣಿ. ಆಕೆ ಹೊರಸಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಯಾರು ಹಚ್ಚಿದ್ರು?"

"ನಾನೇರಿ ಅಮ್ಮಾರ" ಎಂದಳು ಚಂದಮ್ಮ. ಮುಖದಲ್ಲಿ ಶಹಬ್ಬಾಸ್‌ಗಿರಿಗೆ ಕಾಯುವ ನಗು. "ಅತ್ತಿ ಓದು ಅಂದ್ರು, ಓದಿದೆ. ಒಂದೂ ತಪ್ಪದಂಗ ಓದಿದೆರಿ. ನಿನ್ನಿತನಕ ನಾ ಅತ್ತಿಗೆ ಎದುರು ಮಾತಾಡಿದ್ದೆ. ನಿಮ್ಮ ಹೆಸರು ನೋಡಿ ಅವರ ಕಾಲು ಮುಟ್ಟಿ ತಪ್ಪಾತು ಅಂದೆ. ಈಗಿನ್ನ ಸ್ವಲ್ಪ ಹೊತ್ತಿನ ಹಿಂದ ನನ್ನ ಕೈಲೇ ಹಚ್ಚಿದೆ."

"ಬಿಸಿ ನೀರು ತಾ ಮಾಣಿಕಮ್ಮ! ಇದನ್ನ ತೊಳೀಬೇಕು, ಈಗಿಂದೀಗ. ಆ ಪುಸ್ತಕ ಅರ್ಧ ಅದ. ಉಳಿದರ್ಧ ಇಲ್ಲಿ ಅದ ನೋಡು, ನನ್ನ ಕೈಬರಹ. ಇದರಾಗ ಅದೆಲ್ಲ ಸುಳ್ಳು ಅಂತ ಬರದೀನಿ."

ಮಾಣಿಕಮ್ಮ ಅಲುಗಲಿಲ್ಲ. ಆಕೆಯ ಅಕ್ಕರೆ ಇಳಿದುಹೋಗಿತ್ತು. "ಕೈಲೇ ಯಾರು ಏನು ಬೇಕಾದ್ರ ಬರೀತಾರ. ಛಾಪಾ ಆದದ್ದು ಸುಳ್ಳಾಗ್ತದೇನ್ರಿ? ಮೊನ್ನೆ ಬ್ಯಾಡ ಅಂದ್ರಿ, ನಿನ್ನೆ ಪುಸ್ತಕದಾಗ ಹಚ್ಚು ಅಂದ್ರಿ, ಇವತ್ತ ಮತ್ತ ತೊಳಿ ಅಂತೀರಿ. ನಮ್ಮ ಕೂಸೇನು ಆಟದ ಸಾಮಾನೇನ್ರಿ?" ಎಂದು ಆ ಹಳದಿ ಪುಸ್ತಕವನ್ನು ದೇವರ ಮಾಡದಲ್ಲಿ, ದೀಪದ ಪಕ್ಕಕ್ಕೆ ಇಟ್ಟು ಕೈಮುಗಿದಳು.

ಚಂದಮ್ಮ ಕೂಸನ್ನು ಎದೆಗೆ ಅವಚಿಕೊಂಡಳು. ಈಗ ಅವಳ ಕಣ್ಣಲ್ಲೂ ಹೆದರಿಕೆ ಬಂದಿತ್ತು. "ಅಮ್ಮಾರ, ನಾ ಯಾರ ಮಾತು ಕೇಳ್ಲಿ? ನಿಮ್ಮದೋ, ಪುಸ್ತಕದಾಗಿನ ಗುರುಲಿಂಗಮ್ಮಾರದೋ?"

ಒಂದು ಗಳಿಗೆ ಗುರುಲಿಂಗಮ್ಮ ಆ ಮಾಡದ ಕಡೆ ನೋಡಿದಳು. ಅಲ್ಲಿಂದಲೂ ಆಕೆಯ ಹೆಸರು ಕಾಣುತ್ತಿತ್ತು. ಅಚ್ಚಿನಲ್ಲಿ ಎಷ್ಟು ಚೆಂದ ಬಂದಿತ್ತು ಅದು.

"ಆಕಿ ಮಾತು ಕೇಳಬ್ಯಾಡವ್ವ" ಎಂದಳು. "ಆಕಿಗೆ ಏನೂ ತಿಳಿಯಂಗಿಲ್ಲ. ಆಕಿ ಸುಳ್ಳುಬುರುಕಿ. ಆಕಿ ಮಾತಿನಂಗ ನಡೆದೇ ನನ್ನ ಮಗಳು ಶಿವಕಾಂತಮ್ಮನ ಕೂಸು ಸತ್ತದ್ದು." ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮಾರು ಅತ್ತದ್ದನ್ನು ಚಂದಮ್ಮ ಎಂದೂ ಕಂಡಿರಲಿಲ್ಲ. ಅತ್ತೆಯ ಮುಖ ನೋಡದೆ ಕೂಸನ್ನು ಎತ್ತಿ ಆಕೆಯ ತೊಡೆಯ ಮೇಲೆ ಹಾಕಿದಳು.

ಮಾಣಿಕಮ್ಮ ಗೊಣಗುತ್ತಲೇ ನೀರು ಕಾಸಿ ತಂದಳು. ಗುರುಲಿಂಗಮ್ಮ ಕುದಿಸಿ ಆರಿಸಿದ ನೀರಿನಲ್ಲಿ ಬಿಳಿ ಅರಿವೆ ಅದ್ದಿ, ಕೂಸಿಗೆ ನೋವಾಗದಂತೆ, ಅಂಚಿನಿಂದ ಒಳಕ್ಕೆ ಒರೆಸುತ್ತ ಬಂದಳು. ಹೊಕ್ಕಳು ತನ್ನ ಬಣ್ಣಕ್ಕೆ ಬಂತು. ಕೂಸು ಬಾಯಿ ತೆರೆದು ಜೋರಾಗಿ ಅತ್ತಿತು. ದವಡೆ ಬಿಗಿದಿಲ್ಲ, ಸದ್ಯ. ವಾರವಿಡೀ ದಿನಾ ಬಂದು ನೋಡುತ್ತೇನೆ, ಏನಾದರೂ ಆದರೆ ಆ ಕ್ಷಣವೇ ಚಿತ್ತಾಪುರದ ದವಾಖಾನೆಗೆ ಒಯ್ಯೋಣ ಎಂದಳು.

ಚಂದಮ್ಮ ಬೆಳ್ಳಗೆ ಬಿಳಿಚಿಕೊಂಡು ಹೇಳಿದಳು:

"ಅಮ್ಮಾರ, ಸುಲೇಪೇಟದಾಗ ನಮ್ಮಕ್ಕಗ ದಿನ ತುಂಬ್ಯಾವ. ಇವತ್ತ ಮುಂಜಾನೇನೇ ಇವರು ಗಾಡಿ ಹೂಡಿಕೊಂಡು ಹೋದ್ರು, ಆ ಕಡಿಂದ ಚಿಂಚೋಳಿಗೂ ಹೋಗ್ತಾರ. ಗಾಡಿ ತುಂಬ ನಿಮ್ಮ ಪುಸ್ತಕ ಅವರಿ. ಅಕ್ಕಗ ಓದಲಿಕ್ಕೆ ಬರಂಗಿಲ್ಲ. ಯಾರ ಕೈಲಾದ್ರೂ ಓದಿಸಿ, ಅದರಾಗ ಹ್ಯಾಂಗದ ಹಂಗೇ ಮಾಡು, ನಮ್ಮಮ್ಮಾರೇ ಬರದಾರ ಅಂತ ನಾನೇ ಹೇಳಿ ಕಳಿಸೀನ್ರಿ."