ಆಳ ಬರಲಿ, ಹೇಳ್ತೀನಿ

"ಇಲ್ಲಿ ಬೇಡ ಕಣೇ, ಎಲ್ರಿಗೂ ಕೇಳಿಸುತ್ತೆ. ನೀರಿಗೆ ಇಳಿಯೋಣ. ಆಳ ಬರಲಿ, ಹೇಳ್ತೀನಿ" ಅಂದಳು ಅಮ್ಮ.

ಶಿಯೋಫೋಕ್‌ನ ದಡದಲ್ಲಿ ನಿಂತು ಯಾರಾದರೂ 'ಆಳ ಬರಲಿ' ಅಂದರೆ ಹೇಳುವ ಮನಸ್ಸಿಲ್ಲ ಎಂದೇ ಅರ್ಥ. ಬಾಲಾಟೋನ್ ಸರೋವರದ ಉತ್ತರ ದಡದಲ್ಲಿ ಮೆಟ್ಟಿಲು ಇಳಿದರೆ ಕುತ್ತಿಗೆಮಟ್ಟ ನೀರು. ನಮ್ಮದು ದಕ್ಷಿಣದ ದಡ. ಇಲ್ಲಿ ನಡೆಯಬೇಕು, ನಡೆಯುತ್ತಲೇ ಇರಬೇಕು. ಮೊಣಕಾಲು ಮುಳುಗಿತು ಅನ್ನುವಷ್ಟರಲ್ಲಿ ಮರಳಿನ ದಿಬ್ಬವೊಂದು ಅಡ್ಡ ಬಂದು ಮತ್ತೆ ಪಾದ ಕಾಣಿಸುತ್ತದೆ. ಚಿಕ್ಕ ಮಕ್ಕಳಿರುವವರಿಗೆ ಇದು ಸ್ವರ್ಗ. ಒಂದು ಉತ್ತರಕ್ಕಾಗಿ ಕಾಯುತ್ತಿರುವವರಿಗಲ್ಲ.

ನನ್ನ ಪ್ರಶ್ನೆ ದೊಡ್ಡದೇನಲ್ಲ. ನನಗೆ ಐದು ತುಂಬುವ ಮೊದಲೇ ಮನೆ ಬಿಟ್ಟು ಹೋದ ಅಪ್ಪ ಈಗ ಎದುರು ದಡದ ಫ್ಯೂರೆಡ್‌ನಲ್ಲಿ ಹಾಯಿದೋಣಿ ರಿಪೇರಿ ಮಾಡಿಕೊಂಡಿದ್ದಾನೆ. ಹೋದ ತಿಂಗಳು ಫೋನ್ ಮಾಡಿದ್ದ. "ಹೇಗೂ ಆಗಸ್ಟ್‌ನಲ್ಲಿ ಶಿಯೋಫೋಕ್‌ಗೆ ಬರ್ತೀರಲ್ಲ, ಕೊನೇ ದಿನ ಸಾಯಂಕಾಲದ ಹಡಗು ಹತ್ತಿ ಈಚೆ ಬಾ. ನಾನು ಕಟ್ಟೆ ಮೇಲೆ ನಿಂತಿರ್ತೀನಿ" ಅಂದಿದ್ದ. ಆ ಕೊನೇ ದಿನ ಇವತ್ತು. ನಾಳೆ ಬೆಳಿಗ್ಗೆ ನಾವು ಬುಡಾಪೆಸ್ಟ್‌ಗೆ ವಾಪಸ್. ಅಮ್ಮನಿಗೆ ಇದನ್ನೆಲ್ಲ ಬಂದ ದಿನವೇ ಹೇಳಿದ್ದೇನೆ. ಹೋಗಲಾ, ಬೇಡವಾ? ಇಷ್ಟೇ ನಾನು ಕೇಳಿದ್ದು.

ಕೇಳದೆಯೇ ಹೋಗಬಹುದಿತ್ತು. ಓದು ಮುಗಿಸಿದವಳು, ನನ್ನ ಅನ್ನ ನಾನೇ ದುಡಿಯುವವಳು, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಒಬ್ಬಳೇ ನಿಂತು ನನ್ನನ್ನು ಬೆಳೆಸಿದವಳ ಬಾಯಿಂದ ಒಂದು ಮಾತು ಬರದೆ ಆ ಹಡಗಿನಲ್ಲಿ ಕಾಲಿಡಲು ನನ್ನಿಂದಾಗದು. ಬೇಡ ಅಂದರೆ ಬೇಡ. ಹೋಗು ಅಂದರೆ ಹೋಗುತ್ತೇನೆ. ಏನೂ ಅನ್ನದೆ ಇದ್ದರೆ?

ಹಾಗಂತ ಅಮ್ಮ ಮಾತು ಕಮ್ಮಿ ಇರುವವಳಲ್ಲ. ತೊಂದರೆಯೇ ಅದು. ಬೆಳಗಿನಿಂದ ಬಾಡಿಗೆ ಮನೆಯ ಫ್ರಿಜ್ಜಿನ ವಾಸನೆಯ ಬಗ್ಗೆ ಮಾತಾಡಿದ್ದಾಳೆ, ಪಕ್ಕದ ಮನೆ ನಾಯಿಯ ಬಗ್ಗೆ ಮಾತಾಡಿದ್ದಾಳೆ, ದೊಡ್ಡಪ್ಪನ ಚಡ್ಡಿಯ ಬಣ್ಣದ ಬಗ್ಗೆ ಬೀದಿಯುದ್ದಕ್ಕೂ ಮಾತಾಡಿದ್ದಾಳೆ. ನನಗೆ ಮೌನ ಹೊಸದಲ್ಲ. ಸುಮ್ಮನಿರುವವರ ಪಕ್ಕ ಕೂತು ಅವರು ಏನು ಹೇಳುತ್ತಿಲ್ಲ ಎಂದು ಕಿವಿಗೊಡುವುದು ನನಗೆ ಬರುತ್ತದೆ. ಅಮ್ಮನದು ಮಾತಿನ ರಾಶಿಯ ಅಡಿಯಲ್ಲಿ ಹೂತಿಟ್ಟ ಮೌನ. ಅದಕ್ಕೆ ಕಿವಿ ಇಡಲು ಸಂದೇ ಸಿಗುವುದಿಲ್ಲ.

"ಹಾಗಿದ್ರೆ ನಡಿ, ಈಗಲೇ ಇಳಿಯೋಣ" ಅಂದೆ.

ಪಾಪ್ಲರ್ ಮರದ ನೆರಳಲ್ಲಿ ಹಾಸಿದ ಕಂಬಳಿಯಿಂದ ದೊಡ್ಡಮ್ಮ ತಲೆ ಎತ್ತಿದಳು. ನನ್ನ ಅಮ್ಮ ಇಲ್ದಿಕೊಳ ಅಕ್ಕ. ಪ್ರತಿ ಬೇಸಿಗೆ ಈ ಜಾಗವನ್ನು ಬೆಳಗಾಗುವ ಮೊದಲೇ ಬಂದು ಹಿಡಿಯುವುದು ಅವಳ ಕೆಲಸ.

"ಊಟ ಆಗಿ ಇನ್ನೂ ಗಂಟೆಯಾಗಿಲ್ಲ, ಎಲ್ಲಿಗೆ ಹೊರಟ್ರಿ ಇಬ್ಬರೂ?"

"ಸುಮ್ನೆ ಕಾಲು ನೆನೆಸ್ಕೊಂಡು ಬರ್ತೀವಿ ಅಕ್ಕಾ."

"ಕಾಲು ಮಾತ್ರ ಅಲ್ಲ, ಎದೆಗೆ ನೀರು ಹಚ್ಚಿಕೊಂಡು ಇಳೀರಿ. ಇಲ್ದಿಕೊ, ಕೇಳಿಸ್ತೇನೆ? ಎದೆಗೆ! ಆಮೇಲೆ ಮೊಣಕೈಗೆ! ಹೋದ ವರ್ಷ ಆ ಪೆಚ್ ಊರಿನೋರು ಒಬ್ರು ಹಾಗೇ ಧುಮುಕಿ..."

"ಗೊತ್ತು ದೊಡ್ಡಮ್ಮಾ" ಅಂದೆ.

"ಗೊತ್ತು ಅನ್ನೋರೇ ಸಾಯೋದು ಎಮೆಷೆ" ಅಂದಳು ನನ್ನ ಕಡೆ ತಿರುಗಿ.

ಅಮ್ಮ ನಿಂತುಬಿಟ್ಟಳು. ಆ ಪೆಚ್‌ನವನ ಕಥೆ ಪೂರ್ತಿ ಕೇಳಿದಳು. ಅವನ ಹೆಂಡತಿ ಈಗ ಎಲ್ಲಿದ್ದಾಳೆ ಎಂದೂ ವಿಚಾರಿಸಿದಳು. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಎದೆಗೆ ಹಚ್ಚಿಕೊಂಡಳು, ಮೊಣಕೈಗೆ ಹಚ್ಚಿಕೊಂಡಳು, ಕತ್ತಿನ ಹಿಂಭಾಗಕ್ಕೂ ಹಚ್ಚಿಕೊಂಡಳು. ನಾನು ಪಾದ ಮುಳುಗುವ ನೀರಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ನೀರು ಬೆಚ್ಚಗಿತ್ತು, ಹಾಲು ಬೆರೆಸಿದ ಹಸಿರು ಬಣ್ಣ. ಅದರ ಮೇಲೆ ಬೆಳ್ಳುಳ್ಳಿ ಸವರಿದ ಲಾಂಗೋಷ್ ರೊಟ್ಟಿಯ ವಾಸನೆ ತೇಲಿ ಬರುತ್ತಿತ್ತು. ಎದುರಿಗೆ ತಿಹಾನಿಯ ಗುಡ್ಡ, ಅದರ ಬಲಕ್ಕೆ ಬಿಳಿ ಚುಕ್ಕೆಗಳ ಹಾಗೆ ಫ್ಯೂರೆಡ್‌ನ ಹಾಯಿಗಳು. ನಾನು ಅತ್ತ ನೋಡದಿರಲು ಪ್ರಯತ್ನಿಸುತ್ತಿದ್ದೆ. ಅಮ್ಮನೂ ಅದನ್ನೇ ಮಾಡುತ್ತಿದ್ದಳು ಅನಿಸುತ್ತದೆ, ಅದಕ್ಕೇ ದಾರಿಯಲ್ಲಿ ಸಿಕ್ಕ ಪ್ರತಿಯೊಂದನ್ನೂ ನೋಡುತ್ತಿದ್ದಳು.

ಮೊಣಕಾಲಮಟ್ಟದ ನೀರಲ್ಲಿ ದೊಡ್ಡಪ್ಪ ಸಿಕ್ಕಿದ. ಅವನೂ ಅವನ ಮೂವರು ಗೆಳೆಯರೂ ಗಾಳಿ ತುಂಬಿದ ಹಾಸಿಗೆಯೊಂದನ್ನು ಮೇಜು ಮಾಡಿಕೊಂಡು, ನೀರಲ್ಲೇ ಮಂಡಿಯೂರಿ ಇಸ್ಪೀಟು ಆಡುತ್ತಿದ್ದರು. ಸೋಡಾ ಬೆರೆಸಿದ ವೈನಿನ ಲೋಟಗಳು ಎಲೆಗಳ ಪಕ್ಕದಲ್ಲೇ ಓಲಾಡುತ್ತಿದ್ದವು.

"ಬಾ ಬಾ ಇಲ್ದಿಕೊ! ನಿನ್ನ ಭಾವ ಮುಳುಗಿಹೋಗ್ತಾ ಇದ್ದಾನೆ" ಅಂದ ಒಬ್ಬ ಗೆಳೆಯ.

"ಈ ನೀರಲ್ಲಿ ಮುಳುಗೋಕೆ ಬಹಳ ಬುದ್ಧಿ ಬೇಕು" ಅಂದಳು ಅಮ್ಮ. ಹೇಳಿ ಮುಂದೆ ನಡೆದಿದ್ದರೆ ಸರಿಹೋಗುತ್ತಿತ್ತು. ದೊಡ್ಡಪ್ಪನ ಹೆಗಲ ಮೇಲಿಂದ ಬಗ್ಗಿ ಅವನ ಎಲೆಗಳನ್ನು ನೋಡಿದಳು. "ಅಯ್ಯೋ, ರಾಜನ್ನ ಇಟ್ಕೊಂಡು ಏನು ಮಾಡ್ತಿದೀರಾ ಭಾವ?"

"ಲೇ! ಎಲೆ ಹೇಳಿಬಿಟ್ಳಲ್ಲೋ!" ದೊಡ್ಡಪ್ಪ ಕಿರುಚಿದ. ಉಳಿದವರು ಬಿದ್ದು ಬಿದ್ದು ನಕ್ಕರು. ಆಟವನ್ನು ಮತ್ತೆ ಹಂಚಬೇಕೋ ಬೇಡವೋ ಎಂಬ ಜಗಳ ಶುರುವಾಯಿತು. ಅಮ್ಮ ಆ ಜಗಳಕ್ಕೆ ನ್ಯಾಯಾಧೀಶೆಯಾದಳು.

"ಅಮ್ಮಾ."

"ಬಂದೆ ಇರೇ."

"ಅಮ್ಮಾ, ಹಡಗು ಹೊರಟುಹೋಗುತ್ತೆ."

"ಯಾವ ಹಡಗು?" ದೊಡ್ಡಪ್ಪ ತಲೆ ಎತ್ತಿದ.

ಅಮ್ಮ ಥಟ್ಟನೆ ನನ್ನ ಮೊಣಕೈ ಹಿಡಿದು ಎಳೆದುಕೊಂಡು ನಡೆದಳು. ಸದ್ಯ, ಅದಾದರೂ ಕೆಲಸ ಮಾಡಿತು.

ತೊಡೆಮಟ್ಟ ಬಂತು. ನಾನು ಬಾಯಿ ತೆರೆಯುವ ಹೊತ್ತಿಗೆ ಮರಳಿನ ದಿಬ್ಬ ಬಂದು ಮತ್ತೆ ಮೀನಖಂಡದ ನೀರು. ಅಲ್ಲಿ ಅಮ್ಮನ ಹಳೇ ಅಂಚೆ ಕಚೇರಿಯ ಸಹೋದ್ಯೋಗಿಯೊಬ್ಬಳು ಟೋಪಿ ಹಾಕಿಕೊಂಡು ಕೂತಿದ್ದಳು. ಸರೋವರದ ನಡುವೆ, ಸೋಫಾದಲ್ಲಿ ಕೂತ ಹಾಗೆ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. ಮಂಡಿ ಆಪರೇಷನ್ನು, ಮೊಮ್ಮಗ, ಹೊಸ ಸೊಸೆ. ಅವಳು ನನ್ನ ಕಡೆ ತಿರುಗಿ, "ಎಷ್ಟು ಉದ್ದ ಆಗಿದಾಳೆ! ಯಾರ ಹಾಗೆ?" ಅಂದಳು.

"ನಮ್ಮ ಕಡೆ ಎಲ್ರೂ ಉದ್ದಾನೇ" ಅಂದಳು ಅಮ್ಮ. ನಮ್ಮ ಕಡೆ ಯಾರೂ ಉದ್ದವಿಲ್ಲ. ದೊಡ್ಡಮ್ಮ ಅಡುಗೆಮನೆಯ ಮೇಲಿನ ಕಪಾಟಿಗೆ ಸ್ಟೂಲು ಹಾಕಿಕೊಳ್ಳುತ್ತಾಳೆ.

ಮುಂದೆ ನಡೆದೆವು. ಮತ್ತೆ ತೊಡೆ. ಜಾರುಬಂಡಿಯಿದ್ದ ಪೆಡಲ್ ದೋಣಿಯೊಂದು ನಮ್ಮ ನಡುವೆಯೇ ನುಗ್ಗಿ ಬಂತು, ಅದರ ತುಂಬಾ ಕೂಗುವ ಹುಡುಗಿಯರು. ದಾರಿ ಬಿಟ್ಟೆವು. ಆಮೇಲೆ ಸೊಂಟ. ಆಮೇಲೆ, ದೇವರು ದೊಡ್ಡವನು, ಎದೆಯ ಕೆಳಗಿನ ತನಕ ನೀರು. ಹಿಂದೆ ದಡದ ಗದ್ದಲ ಜೇನುಹುಳುಗಳ ಸದ್ದಿನಷ್ಟಾಗಿತ್ತು. ಸುತ್ತ ಯಾರೂ ಇರಲಿಲ್ಲ. ಅಮ್ಮನೂ ಕೊನೆಗೆ ಸುಮ್ಮನಾಗಿದ್ದಳು. ನನಗೆ ಬೇಕಿದ್ದ ಮೌನ ಇದೇ. ಇದನ್ನು ಮುರಿಯಬಾರದೆಂದು ನಾನು ಕೈಗಳನ್ನು ನೀರಿನ ಮೇಲೆ ಚಾಚಿ ನಿಂತೆ.

"ಅವನು..." ಅಂದಳು ಅಮ್ಮ.

ದಡದ ಕಂಬಗಳ ಮೇಲೆ ಹಳದಿ ದೀಪಗಳು ಪಟಪಟನೆ ಮಿನುಗತೊಡಗಿದವು. ನಿಧಾನಕ್ಕೆ ಮಿನುಗಿದರೆ ಎಚ್ಚರಿಕೆ. ಹೀಗೆ ಉಸಿರು ಬಿಡದೆ ಮಿನುಗಿದರೆ ಬಿರುಗಾಳಿ ಬಂದೇಬಿಟ್ಟಿದೆ, ನೀರಲ್ಲಿ ಯಾರೂ ಇರಕೂಡದು. ಪಡುವಣದ ಆಕಾಶ ಯಾವಾಗಲೋ ಕಪ್ಪಾಗಿತ್ತು, ನಾನು ನೋಡಿಯೇ ಇರಲಿಲ್ಲ. ರಕ್ಷಣಾ ದೋಣಿಯವನು ಮೈಕು ಹಿಡಿದು ನಮ್ಮತ್ತಲೇ ಬಂದ.

"ನೀವಿಬ್ರು ಹೆಂಗಸರು! ಹೊರಗೆ ನಡೀರಿ! ದೀಪ ಕಾಣಿಸ್ತಿಲ್ವಾ?"

"ಒಂದೇ ನಿಮಿಷ!" ನಾನು ಕೂಗಿದೆ.

"ನಿಮಿಷ ಇಲ್ಲ, ಗಿಮಿಷ ಇಲ್ಲ! ನಡೀರಿ! ಫ್ಯೂರೆಡ್ ಹಡಗನ್ನೇ ನಿಲ್ಲಿಸಿಬಿಟ್ರು, ನಿಮ್ಮದೇನು!"

ಅಮ್ಮನ ಮುಖದಲ್ಲಿ ಆಗ ಕಂಡದ್ದನ್ನು ನಾನು ಮರೆಯಲಾರೆ. ನೆಮ್ಮದಿ. ಪರೀಕ್ಷೆ ಮುಂದೆ ಹೋದ ಮಗುವಿನ ನೆಮ್ಮದಿ.

"ಹಡಗೇ ಇಲ್ಲವಂತಲ್ಲ" ಅಂದಳು ಮೆಲ್ಲಗೆ, ಮತ್ತು ತಿರುಗಿ ನಡೆಯತೊಡಗಿದಳು. ನಡೆಯುತ್ತಾ ಮಾತೂ ಶುರುವಾಯಿತು. ಕಂಬಳಿ ನೆನೆಯುತ್ತೆ, ದೊಡ್ಡಮ್ಮ ಒಬ್ಬಳೇ ಏನು ಮಾಡ್ತಾಳೋ, ಕಿಟಕಿ ಹಾಕಿದ್ದೀವೋ ಇಲ್ಲವೋ.

ನಾನು ಹಿಂದೆ ಹಿಂದೆ ನಡೆದೆ. ಸೊಂಟ, ತೊಡೆ, ದಿಬ್ಬ, ಮತ್ತೆ ತೊಡೆ. ಸುತ್ತಲೂ ಜನ ಮಕ್ಕಳನ್ನು ಎತ್ತಿಕೊಂಡು, ಹಾಸಿಗೆಗಳನ್ನು ಎಳೆದುಕೊಂಡು ದಡದತ್ತ ಹೊರಟಿದ್ದರು. ಬಾಲಾಟೋನ್‌ನಿಂದ ಓಡಿಹೋಗುವುದೂ ನಿಧಾನದ ಕೆಲಸ, ನೀರು ಕಾಲು ಬಿಡುವುದಿಲ್ಲ. ಮೊಣಕಾಲು ಕಾಣಿಸುವ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು.

"ಅಪ್ಪನ ಹತ್ರ ಹೋಗಲಾ ಬೇಡವಾ ಹೇಳಿಬಿಡಮ್ಮಾ!"

ಅಷ್ಟು ದೊಡ್ಡ ಧ್ವನಿ ನನ್ನಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ದೊಡ್ಡಪ್ಪ ಇಸ್ಪೀಟೆಲೆಗಳನ್ನು ಎದೆಗೊತ್ತಿಕೊಂಡು ನಿಂತ. ಟೋಪಿಯವಳು ನಿಂತಳು. ಯಾರೋ ಅಪರಿಚಿತ ಗಂಡಸು ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡೇ ನಿಂತುಬಿಟ್ಟ.

"ಎಲ್ರೂ ಕೇಳ್ತಿದಾರೆ ಕಣೇ" ಅಂದಳು ಅಮ್ಮ.

"ಕೇಳಲಿ."

"ಯಾವ ಅಪ್ಪ? ಕಾಲ್ಮಾನ್ ಬದುಕಿದಾನಾ?" ದೊಡ್ಡಪ್ಪ ಕೇಳಿದ.

"ನೀವು ಸುಮ್ನಿರಿ ಭಾವ!" ಅಮ್ಮ ಗದರಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಗಾಳಿ ಅವಳ ಕೂದಲನ್ನು ಬಾಯಿಗೆ ತುಂಬುತ್ತಿತ್ತು, ಅವಳು ಅದನ್ನು ತೆಗೆಯುತ್ತಾ ತೆಗೆಯುತ್ತಾ ಮಾತಾಡಿದಳು. "ನೀನು ಹೋಗೋದಕ್ಕೆ ನಂಗೇನೂ ಭಯ ಇಲ್ಲ. ಹೋಗಿ ಬಂದು, ಅಮ್ಮಾ ಅವನು ಒಳ್ಳೆಯವನು ಅಂದ್ರೆ? ಇಷ್ಟು ವರ್ಷ ಅವನು ಕೆಟ್ಟವನು ಅಂದ್ಕೊಂಡೇ ಬದುಕಿದೀನಿ. ಚೆನ್ನಾಗೇ ಬದುಕಿದೀನಿ. ಈಗ ಈ ವಯಸ್ಸಲ್ಲಿ ಅದನ್ನೂ ಕಿತ್ತುಕೊಂಡ್ರೆ ನಾನು ಎಲ್ಲಿಗೆ ಹೋಗಲಿ?"

ಮೊದಲ ಹನಿಗಳು ನೀರಿನ ಮೇಲೆ ಬಿದ್ದವು. ಇಷ್ಟು ಹೊತ್ತು ನಾನು ಅವಳನ್ನು ಆಳಕ್ಕೆ ಎಳೆಯುತ್ತಿದ್ದೆ, ಅವಳು ಅದನ್ನೆಲ್ಲ ಮೊಣಕಾಲು ನೀರಲ್ಲಿ ಹೇಳಿ ಮುಗಿಸಿದಳು.

"ಹಾಗಾದ್ರೆ ಹೋಗಲ್ಲ ಬಿಡು" ಅಂದೆ. ನಿಜವಾಗಿಯೂ ಹಾಗೇ ಅಂದುಕೊಂಡೆ.

"ನಾನು ಬೇಡ ಅಂದ್ನಾ?" ಅಮ್ಮನಿಗೆ ಸಿಟ್ಟು ಬಂತು. "ಒಂದು ವಾರದಿಂದ ತಲೆ ತಿಂದು ಈಗ ಹೋಗಲ್ವಂತೆ! ಹೋಗು. ಹಡಗಿಲ್ಲದಿದ್ರೆ ರೈಲಿದೆ, ಸುತ್ತಿಕೊಂಡು ಹೋಗು. ಹೋಗಿ ಅವನನ್ನ ನೋಡ್ಕೊಂಡು ಬಾ. ಬಂದ್ಮೇಲೆ ನಂಗೆ ಒಂದು ಅಕ್ಷರಾನೂ ಹೇಳ್ಬೇಡ. ಅಷ್ಟೇ ನಾನು ಕೇಳೋದು."

"ಹೇಳಲ್ಲ."

"ಒಳ್ಳೆಯವನು ಅಂತಾನೂ ಹೇಳ್ಬೇಡ, ಕೆಟ್ಟವನು ಅಂತಾನೂ ಹೇಳ್ಬೇಡ."

"ಇಲ್ಲಮ್ಮಾ."

ದಡ ಸೇರಿದೆವು. ದೊಡ್ಡಮ್ಮ ಕಂಬಳಿಗಳನ್ನೆಲ್ಲ ಗಂಟು ಕಟ್ಟಿ ಅದರ ಮೇಲೆ ಕೂತಿದ್ದಳು, ಯಾರನ್ನೂ ಏನೂ ಕೇಳಲಿಲ್ಲ. ಅವಳಿಗೂ ಕೇಳಿಸಿತ್ತು ಅಂತ ಅದರಿಂದಲೇ ಗೊತ್ತಾಯಿತು. ನಾನು ಒದ್ದೆ ಮೈಮೇಲೇ ಫ್ರಾಕು ಎಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ರೈಲು ನಿಲ್ದಾಣದ ಕಡೆ ಹೊರಟೆ. ಮಳೆ ಜೋರಾಗಿತ್ತು. ಜನ ಲಾಂಗೋಷ್ ಅಂಗಡಿಯ ತಗಡಿನ ಕೆಳಗೆ ಒತ್ತಿಕೊಂಡು ನಿಂತಿದ್ದರು.

ಗೇಟಿನ ತನಕ ಹೋಗಿರಬೇಕು, ಹಿಂದಿನಿಂದ ಅಮ್ಮನ ಕೂಗು.

"ಎಮೆಷೆ! ಅವನ ಕೂದಲು ಉದುರಿದೆಯಾ ಅಂತ ಮಾತ್ರ ನೋಡು!"

ತಗಡಿನ ಕೆಳಗಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಕೈ ಎತ್ತಿ ಆಯಿತು ಅಂದೆ.

"ಬೇರೇನೂ ಬೇಡ! ಕೂದಲು ಅಷ್ಟೇ!"

ಮತ್ತೆ ಕೈ ಎತ್ತಿದೆ. ರಸ್ತೆ ದಾಟುವಾಗ ಅವಳ ಧ್ವನಿ ಮಳೆಯ ಸದ್ದನ್ನೂ ಮೀರಿ ಇನ್ನೊಮ್ಮೆ ಬಂತು.

"ಹಲ್ಲೂ!"